ಬೆಳ್ಳಗೆ ಒಗೆದ ಗಾಯದ ಪಟ್ಟಿ

ಇಸ್ತ್ರಿ ಅಂಗಡಿಯವನ ಕಾಲಿನ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಬಿತ್ತು. ಮೊದಲೇ ಸಕ್ಕರೆ ಕಾಯಿಲೆಯ ಮೈ, ಗಾಯ ಆರುವ ಸೂಚನೆಯೇ ಇಲ್ಲ. ದಿನವಿಡೀ ನಿಂತು ಮಾಡುವ ಕೆಲಸ. ಕಾಲು ಹೋದರೆ ಹೊಟ್ಟೆಪಾಡೂ ಹೋದಂತೆ. ಬಟ್ಟೆ ಒಗೆಯುವ ಅವನ ಹೆಂಡತಿಗೆ ಅದೇ ದಿಗಿಲು.

ಆಸ್ಪತ್ರೆಯ ನರ್ಸಮ್ಮ ಪಟ್ಟಿ ಕಟ್ಟಿ, ಮನೆಯಲ್ಲಿ ಬದಲಾಯಿಸಲು ಇನ್ನಷ್ಟು ಕೊಟ್ಟರು.

"ಇದು ಗಿಡದ ನಾರಿನ ಪಟ್ಟಿ ಕಣಮ್ಮ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳಿವೆ. ನಾರು ಅದನ್ನ ಹಿಡ್ಕೊಂಡಿದ್ದು ನಿಧಾನಕ್ಕೆ ಬಿಡುತ್ತೆ. ಕೀವು ಮಾಡೋ ರೋಗಾಣು ಸಾಯುತ್ತೆ."

ಹೆಂಡತಿ ತಲೆಯಾಡಿಸಿದಳು. ಮನೆಗೆ ಬಂದು ಪೊಟ್ಟಣ ಒಡೆದರೆ ಪಟ್ಟಿಯೆಲ್ಲ ಕಂದು! ಅವಳಿಗೆ ಮೈ ಉರಿದುಹೋಯಿತು.

"ನೋಡ್ರೀ, ಯಾರೋ ಕಟ್ಟಿ ಬಿಚ್ಚಿದ್ದನ್ನ ನಮ್ಮ ತಲೆಗೆ ಕಟ್ಟಿದ್ದಾರೆ. ಬೆಳ್ಳಿಯಂತೆ ಬೆಳ್ಳಿ!"

"ಒಂದ್ಸಲ ಕೇಳ್ಬಾರ್ದೇನೇ?" ಎಂದ ಗಂಡ.

"ಕೇಳಿದ್ರೆ ಇದೂ ಸಿಗಲ್ಲ. ಊರವರ ಕೊಳೆ ತೆಗೆಯೋಳು ನಾನು, ಇದೇನು ಮಹಾ?"

ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿ, ತಿಕ್ಕಿ, ಜಾಲಿಸಿ, ಇಸ್ತ್ರಿ ಹಾಕಿದಳು. ಪಟ್ಟಿ ಹಾಲಿನಂತೆ ಬೆಳ್ಳಗಾಯಿತು. ಬಿಚ್ಚಿದ್ದನ್ನೂ ಹಾಗೆಯೇ ಒಗೆದು ಕಟ್ಟಿದಳು. ಪಾಪ, ಅಷ್ಟು ಶ್ರದ್ಧೆಯಿಂದ ಅವಳು ಯಾರ ಅಂಗಿಯನ್ನೂ ಒಗೆದಿರಲಿಲ್ಲ.

ಗಾಯ ವಾಸನೆ ಹೊಡೆಯತೊಡಗಿತು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಕಾಲು, ಅವನಿಗೆ ನೋವೇ ತಿಳಿಯಲಿಲ್ಲ. ಮತ್ತೆ ಆಸ್ಪತ್ರೆ ಸೇರುವ ಹೊತ್ತಿಗೆ ಬೆರಳುಗಳು ಕಪ್ಪಾಗಿದ್ದವು.

"ಇದನ್ನ ಒಗೆದ್ರಾ?" ನರ್ಸಮ್ಮ ಪಟ್ಟಿ ಹಿಡಿದು ಕೇಳಿದರು.

"ಕೊಳೆ ಇತ್ತಲ್ಲಮ್ಮ..."

"ಕೊಳೆಯಲ್ಲಮ್ಮ, ಆ ಬಣ್ಣ ಬೆಳ್ಳೀದೇ. ಅಷ್ಟು ಸಣ್ಣ ಕಣ ಆದ್ರೆ ಅದು ಕಂದಾಗಿ ಕಾಣುತ್ತೆ. ಔಷಧಿ ತೊಳೆದುಬಿಟ್ಟು ಬರೀ ಬಟ್ಟೆ ಕಟ್ಟಿದ್ದೀರಿ." ಪಟ್ಟಿಯನ್ನು ಕೆಳಗಿಟ್ಟು, "ಬಣ್ಣದ ಮಾತು ನಾನೂ ಹೇಳಿರಲಿಲ್ಲ," ಎಂದರು.

ಪಾದದ ಮುಂಭಾಗ ಕತ್ತರಿಸಿ ತೆಗೆದರು. ಈಗ ಅವನು ಸ್ಟೂಲಿನ ಮೇಲೆ ಕೂತು ಮಕ್ಕಳ ಅಂಗಿಗಳಿಗಷ್ಟೇ ಇಸ್ತ್ರಿ ಹಾಕುತ್ತಾನೆ. ಮಿಕ್ಕಿದ್ದೆಲ್ಲ ಅವಳ ಪಾಲು.

"ನಿನ್ನ ಕೈಗೆ ಸಿಕ್ಕಿದ ಕಲೆ ಉಳಿದದ್ದುಂಟೇನೇ?" ಎಂದು ನಗಿಸಲು ನೋಡುತ್ತಾನೆ. ಅವಳಿಗೆ ನಗು ಬರುವುದಿಲ್ಲ. ಹೊಸ ಪಟ್ಟಿಯನ್ನು ಕಂದಾಗಿದ್ದಂತೆಯೇ ಕಟ್ಟುತ್ತಾಳೆ. ಉಳಿದ ಪಾದ ಅವಳ ಅಂಗೈಯಲ್ಲಿ ಹಿಡಿಯುವಷ್ಟೇ ಇದೆ.

ಅಕ್ಕಂದಿರೇ, ಅಣ್ಣಂದಿರೇ, ಬೆಳ್ಳಿಯ ಪಟ್ಟಿ ಕಂದಾಗಿ, ಬೂದಿ ಬಣ್ಣವಾಗಿ ಕಂಡರೆ ಹೇಸಬೇಡಿ. ಒಗೆಯಬೇಡಿ. ಬಿಚ್ಚಿದ್ದನ್ನು ಮತ್ತೆ ಕಟ್ಟಬೇಡಿ. ಗಾಯ ವಾಸನೆ ಹೊಡೆದರೆ, ಕೆಂಪೇರಿದರೆ ಅಂದೇ ಆಸ್ಪತ್ರೆಗೆ ಹೋಗಿ. ಅನುಮಾನ ಬಂದರೆ ಕೇಳಿ. ಬೈದರೂ ಕೇಳಿ. ಅವಳು ಕೇಳಿದ್ದರೆ ಅವನು ಇವತ್ತು ನಿಂತು ಕೆಲಸ ಮಾಡುತ್ತಿದ್ದನೇನೋ.