ಕಿಟಕಿ ಪಕ್ಕದ ಸೀಟು

ನಾನು ಒಂದು ಓವರ್‌ಹೆಡ್ ಪ್ರೊಜೆಕ್ಟರ್. ಹೊಟ್ಟೆಯಲ್ಲಿ ಬಲ್ಬು, ಮೇಲೆ ಗಾಜು, ಉದ್ದ ಕತ್ತಿನ ತುದಿಗೊಂದು ಕನ್ನಡಿ. ಬರೆದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿನ ಮೇಲಿಟ್ಟರೆ ಅಕ್ಷರಗಳು ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತವೆ. ನನಗೆ ಬರುವುದು ಇಷ್ಟೇ. ಒಂದು ಕಾಲದಲ್ಲಿ ಇಷ್ಟಕ್ಕೇ ಜನ ಬಾಯಿ ಬಿಟ್ಟು ನೋಡುತ್ತಿದ್ದರು.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬಾಳಿದ್ದು ಗದಗಿನ ಒಂದು ಕಾಲೇಜಿನಲ್ಲಿ. ಅಲ್ಲಿನ ಗ್ರಂಥಪಾಲಕಿ ನೀಲಗಂಗಕ್ಕ ನನ್ನನ್ನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಗ್ರಂಥಪಾಲಕರ ಸಮ್ಮೇಳನ ವರ್ಷಕ್ಕೊಂದು ಊರಿನಲ್ಲಿ. ಅಕ್ಕ ತನ್ನ ಹಳೆಯ ಇಳಕಲ್ ಸೀರೆಯಲ್ಲಿ ನನ್ನನ್ನು ಸುತ್ತಿ, ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ತಾನು ಅಂಚಿನಲ್ಲಿ ಕೂರುತ್ತಿದ್ದಳು. ಲಗೇಜನ್ನು ಕೆಳಗಿಡಿ ಎಂದ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದಳು. ನನಗೋ ಒಳಗೊಳಗೇ ಜಂಬ.

ಆಗ ಅಂತರ್ಜಾಲ ಬಂದ ಹೊಸತು. ಸಮ್ಮೇಳನದಲ್ಲೆಲ್ಲ ಅದರದೇ ಮಾತು, ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಅಕ್ಕ ಹುಬ್ಬಳ್ಳಿಗೆ ಹೋಗಿ ನೋಡಿ ಬಂದು, ಜಾಲತಾಣದ ಪುಟಗಳನ್ನು ಹಾಳೆಗಳ ಮೇಲೆ ಪೆನ್ನಿನಲ್ಲೇ ಬಿಡಿಸಿದಳು. "ಇಲ್ಲಿ ಒತ್ತಿದ್ರ ಹಿಂಗ ಬರ್ತದ" ಎಂದು ಮುಂದಿನ ಹಾಳೆ ಇಡುವಳು. ಸಭೆಯ ಅರ್ಧ ಜನ ಇಂಟರ್ನೆಟ್ಟನ್ನು ಮೊದಲು ನೋಡಿದ್ದು ನನ್ನ ಬೆಳಕಿನಲ್ಲಿ. ಪುಸ್ತಕಕ್ಕೆ ಕೊಟ್ಟಂತೆ ಜಾಲತಾಣಕ್ಕೂ ವರ್ಗಸಂಖ್ಯೆ ಕೊಡಬೇಕೆಂದು ಅವರು ಮಧ್ಯಾಹ್ನವಿಡೀ ಕಿತ್ತಾಡಿ ಠರಾವನ್ನೂ ಪಾಸು ಮಾಡಿದರು. ಮರುವರ್ಷ ನೋಡಿದರೆ ಎಷ್ಟೋ ತಾಣಗಳು ನಾಪತ್ತೆ, ಸಂಖ್ಯೆಗಳು ಮಾತ್ರ ಭದ್ರ.

ಠರಾವು ಪಾಸಾದ ಆ ದಿನವೇ ಅಕ್ಕನ ಭಾಷಣದ ನಡುವೆ ನನ್ನ ಬಲ್ಬು ಸುಟ್ಟಿತ್ತು. ನನ್ನೊಳಗೊಂದು ಬದಲಿ ಬಲ್ಬಿತ್ತು. ಅಕ್ಕ ಕೀಲು ಸರಿಸಿದ್ದೇ ತಡ, ಗೋಡೆ ಬೆಳಗಿತು. ಸಂಜೆ ಸೀರೆ ಸುತ್ತುತ್ತಾ ಅವಳು ಮೆಲ್ಲಗೆ ಹೇಳಿದಳು: "ನನ್ನ ಮಾನ ಉಳಿಸಿದಿ. ನಿನ್ನ ಎಂದೂ ಬಿಡಂಗಿಲ್ಲ."

ನಂಬಿದೆ. ಕಂಪ್ಯೂಟರಿಗೆ ಜೋಡಿಸುವ ಹೊಸ ಪ್ರೊಜೆಕ್ಟರು ಬಂದು ನನ್ನನ್ನು ಕಪಾಟಿನ ಮೇಲೆ ಹಳೆ ಪತ್ರಿಕೆಗಳ ಹಿಂದೆ ಇಟ್ಟಾಗಲೂ ನಂಬಿಕೊಂಡೇ ಇದ್ದೆ.

ವರ್ಷಗಳ ಮೇಲೆ ಅಕ್ಕ ನನ್ನನ್ನು ಕೆಳಗಿಳಿಸಿದಳು. ಗಾಜು ಒರೆಸಿ, ಹೊಸ ಬಲ್ಬು ಹಾಕಿ, ಅದೇ ಸೀರೆಯಲ್ಲಿ ಸುತ್ತಿದಳು. ಈಗ ಅವಳು ಗ್ರಂಥಪಾಲಕರ ಸಂಘದ ಅಧ್ಯಕ್ಷೆಯಂತೆ, ಸಮ್ಮೇಳನ ವಿಜಯಪುರದಲ್ಲಂತೆ. ನನ್ನ ಪಾಳಿ ಮತ್ತೆ ಬಂತೆಂದು ಹಿಗ್ಗಿದೆ.

ವೇದಿಕೆಯ ಮೇಲೆ ಸೀರೆ ಬಿಚ್ಚಿ ಸ್ವಿಚ್ಚು ಹಾಕಿದಳು. ಹಾಳೆ ಇಡುತ್ತಾಳೆಂದು ಕಾದೆ. ಇಡಲಿಲ್ಲ. ಗೋಡೆಯ ಮೇಲೆ ಬರೀ ಬಿಳಿ ಚೌಕ. ಸಭೆ ನಗತೊಡಗಿತು. ಅವಳೂ ನಕ್ಕು ಮೈಕಿನಲ್ಲಿ ಹೇಳಿದಳು: "ಈ ಡಬ್ಬಿ ಹೊತ್ಕೊಂಡು ಬರಾಗ ನನಗ ಅವಾಗೂ ನಾಚಿಕಿ ಆಗ್ತಿತ್ತು."

ಆಮೇಲೆ ದೊಡ್ಡ ಪರದೆ ಹೊತ್ತಿತು, ಹೊಸ ತಂತ್ರಜ್ಞಾನದ ಮಾತು ಶುರುವಾಯಿತು. ನನ್ನನ್ನು ಆರಿಸುವುದನ್ನೂ ಮರೆತರು.

ಸಂಜೆ ಎಲ್ಲರೂ ಚೀಲ, ಪ್ರಮಾಣಪತ್ರ ಹಿಡಿದು ಹೊರಟ ಮೇಲೆ ಅಕ್ಕ ಒಬ್ಬಳೇ ಮರಳಿ ಬಂದಳು. ನಾಚಿಕೆಯ ಮಾತನ್ನು ಅಲ್ಲೇ ಮರೆಯಲು ಸಿದ್ಧನಾದೆ. ಅವಳು ಸೀರೆಯ ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಚೀಲಕ್ಕಿಟ್ಟುಕೊಂಡು ಹೋದಳು.

ಈಗ ಆ ಸಭಾಭವನದ ಮೂಲೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಇದ್ದೇನೆ. ಹಳಬನಾದೆನೆಂಬ ದುಃಖವಿಲ್ಲ, ಎಲ್ಲರೂ ಹಳಬರಾಗುತ್ತಾರೆ. ಅವಳಿಗೆ ಅಷ್ಟು ನಾಚಿಕೆಯಿದ್ದರೆ ಬಸ್ಸಿನಲ್ಲಿ ನನ್ನನ್ನು ಕಾಲಡಿ ಇಡಬಹುದಿತ್ತು. ಕಿಟಕಿ ಪಕ್ಕ ಕೂರಿಸಬಾರದಿತ್ತು.