ಚಿಪ್ಪಿನ ಕುಲಾವಿ

ಮೂರನೆಯ ಸಲವೂ ಹೆಣಿಗೆಯ ಚಿಪ್ಪು ಬೆನ್ನು ತಿರುಗಿಸಿಕೊಂಡೇ ಕೂತಿತು. ನರಸಮ್ಮ ಕೊಕ್ಕೆ ಕಡ್ಡಿಯನ್ನು ಪಕ್ಕಕ್ಕಿಟ್ಟು ದಾರದ ತುದಿ ಹಿಡಿದೆಳೆದಳು. ಬೆಳಗಿನಿಂದ ಹೆಣೆದದ್ದೆಲ್ಲ ಸರಸರನೆ ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

ಬಿಳಿ ದಾರದ ಕುಲಾವಿ ಅದು. ನೆತ್ತಿಯಿಂದ ಕಿವಿಯವರೆಗೆ ಹೆಣೆದವಳು ಅಕ್ಕ ಅಶ್ವತ್ಥಮ್ಮ. ಅಂಚಿನ ಒಂದು ಸುತ್ತು ಉಳಿದಿರುವಾಗ ಅವಳಿಗೆ ಹೆರಿಗೆ ನೋವು ಬಂತು. ಕೂಸು ಉಳಿಯಿತು, ಅಕ್ಕ ಉಳಿಯಲಿಲ್ಲ. ಐದು ತಿಂಗಳು ಕಳೆದ ಮೇಲೆ ನರಸಮ್ಮನನ್ನು ತವರು ಕುಂದಾಣದಿಂದ ವಿಜಯಪುರದ ಇದೇ ಮನೆಗೆ, ಭಾವ ಗೋಪಾಲಪ್ಪನಿಗೇ ಕೊಟ್ಟರು. ಕೂಸಿಗೊಬ್ಬ ತಾಯಿ ಬೇಕಿತ್ತು.

ಈಗ ಅದಕ್ಕೆ ಎಂಟು ತಿಂಗಳು. ಇವಳನ್ನು ಮಾತ್ರ ಇನ್ನೂ ಒಪ್ಪಿರಲಿಲ್ಲ. ಎತ್ತಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಅರಚುತ್ತಿತ್ತು.

"ಅಶ್ವತ್ಥಾ, ಹುಳಕ್ಕೆ ಸೊಪ್ಪು ಹಾಕಿದ್ಯೇನೇ?" ಒಳಗಿನಿಂದ ಅತ್ತೆ ಮುನಿತಾಯಮ್ಮ ಕೂಗಿದಳು.

"ನಾನು ನರಸು ಕಣತ್ತೆ."

"ಬಾಯಿಗೆ ಅದೇ ಬರ್ತೈತೆ, ಏನ್ಮಾಡ್ಲಿ." ಹೊರಗೆ ಬಂದ ಮುನಿತಾಯಮ್ಮ ಮಡಿಲ ತುಂಬ ಹರಡಿದ್ದ ದಾರ ನೋಡಿ ನಕ್ಕಳು. "ಮತ್ತೆ ಬಿಚ್ಚಿದ್ಯಾ? ರೇಷ್ಮೆ ಹುಳಾನೂ ಸುತ್ತಿದ್ದನ್ನ ತಾನೇ ಬಿಚ್ಚಲ್ಲ ಕಣಮ್ಮಿ." ಆಮೇಲೆ ದನಿ ತಗ್ಗಿಸಿದಳು. "ಸೋಮವಾರ ಕಿವಿ ಚುಚ್ಚೋದು. ನಂದಗುಡಿಯಿಂದ ನನ್ನ ಮಗಳು ಬರ್ತಾಳೆ. ಅವಳಿಗೆ ಎದೆಹಾಲೈತೆ. ಅಷ್ಟರೊಳ್ಗೆ ಕೂಸು ನಿನ್ನ ಹತ್ರ ಬರ್ಲಿಲ್ಲ ಅಂದ್ರೆ ಎತ್ಕೊಂಡು ಹೋಗ್ತಾಳೆ. ಆಮೇಲೆ ಅಳ್ಬೇಡ."

ನರಸಮ್ಮ ಬಿಚ್ಚಿದ ದಾರವನ್ನು ಉಂಡೆಗೆ ಸುತ್ತತೊಡಗಿದಳು. ಕೂಸನ್ನು ನೋಡಿಕೋ ಎಂದು ಸಾಯುವ ಮುಂಚೆ ಅಕ್ಕ ಕೇಳಿಕೊಂಡದ್ದು ಅವಳನ್ನೇ.

ಹೆಣಿಗೆ ಕಲಿಸಿದ್ದೂ ಅಕ್ಕನೇ. ಹೆಣಿಗೆಯ ಒಂದೇ ಕಣ್ಣಿನಲ್ಲಿ ದಾರದ ಐದು ಕಂಬ ಎಬ್ಬಿಸು, ಎರಡು ಕಣ್ಣು ಬಿಡು, ಮೂರನೆಯದಕ್ಕೆ ಬಿಗಿ, ಆಯಿತು ಚಿಪ್ಪು. ಅಕ್ಕ ಎಡಚಿ. ಎದುರಿಗೆ ಕೂತರೆ ಅವಳ ಎಡಗೈ ಇವಳ ಬಲಗೈಗೆ ಕನ್ನಡಿಯಾಗುತ್ತಿತ್ತು. ಕಂಡದ್ದನ್ನು ಮಾಡುತ್ತ ಹೋದರೆ ಸಾಕಿತ್ತು. ಆದರೆ ಅಕ್ಕನ ಸುತ್ತು ಆ ಕಡೆಗೆ ಹೋದರೆ ಇವಳದು ಈ ಕಡೆಗೆ. ಅವಳು ಬಿಟ್ಟಲ್ಲಿಂದ ಮುಂದುವರಿಸಿದರೆ ಚಿಪ್ಪುಗಳೆಲ್ಲ ಹಿಂದುಮುಂದು. ಹೊಸದನ್ನೇ ಹೆಣೆಯೋಣವೆಂದರೆ, ಯುದ್ಧ ಶುರುವಾದ ಮೇಲೆ ಅಂಗಡಿಗೆ ಅಂಥ ದಾರ ಬರುವುದೇ ನಿಂತಿತ್ತು.

ಶನಿವಾರ ಮಧ್ಯಾಹ್ನ. ಒಳಗೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೂಸನ್ನು ಚಾಪೆಯ ಮೇಲೆ ಬಿಟ್ಟು ನರಸಮ್ಮ ಪಡಸಾಲೆಯ ಕಂಬಕ್ಕೆ ಒರಗಿದ್ದಳು. ಎದುರಿನ ಕಂಬದ ಬುಡದಲ್ಲಿ ಅಕ್ಕ ಕೂರುತ್ತಿದ್ದ ಮಣೆ. ಅದನ್ನು ಇನ್ನೂ ಯಾರೂ ತೆಗೆದಿರಲಿಲ್ಲ.

ಕೂಸು ಆ ಕಡೆ ಹೊರಳಿತು. ಮಣೆಯ ಮೇಲೆ, ಕೂತವರ ಮುಖ ಇರಬೇಕಾದಷ್ಟು ಎತ್ತರಕ್ಕೆ ಕಣ್ಣು ನೆಟ್ಟು ನಕ್ಕಿತು. ಎತ್ತಿಕೋ ಎನ್ನುವಂತೆ ಎರಡೂ ಕೈ ಚಾಚಿತು. ನರಸಮ್ಮ ತಲೆಯೆತ್ತಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ದಾರದ ಉಂಡೆ ಮಾತ್ರ ಯಾವಾಗಲೋ ಉರುಳಿಹೋಗಿ ಮಣೆಯ ಪಕ್ಕ ನಿಂತಿತ್ತು. ಅಲ್ಲಿಂದ ಅವಳ ಬೆರಳಿನವರೆಗೆ ದಾರ ಬಿಗಿಯಾಗಿತ್ತು.

"ಅಕ್ಕಾ," ಎಂದಳು ಮೆಲ್ಲಗೆ. "ಕೂಸನ್ನ ನನಗೆ ಕೊಡ್ತೀಯೋ ಇಲ್ವೋ?"

ಹುಳುಗಳ ಸದ್ದು ಒಂದು ಗಳಿಗೆ ನಿಂತಂತಾಯಿತು.

ಅವಳು ಎದ್ದು ಹೋಗಿ ಮಣೆಯ ಮೇಲೆ ಕೂತಳು. ಯಾರೋ ಈಗತಾನೇ ಎದ್ದು ಹೋದಂತೆ ಅದು ಬೆಚ್ಚಗಿತ್ತು. ಕುಲಾವಿಯನ್ನು ಕೈಗೆತ್ತಿಕೊಂಡಳು. ಕೂಸು ಅವಳನ್ನು ದಿಟ್ಟಿಸಿತು, ತೆವಳುತ್ತ ಬಂತು, ಮಡಿಲು ಹತ್ತಿ ಸೆರಗಿಗೆ ಮುಖ ಒತ್ತಿತು. ಅವಳು ಅಲುಗದೆ ಕೂತಳು. ಕೈ ಮಾತ್ರ ಓಡುತ್ತಿತ್ತು. ಚಿಪ್ಪುಗಳು ಒಂದರ ಪಕ್ಕ ಒಂದು, ಅಕ್ಕನವು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕೂರುತ್ತ ಹೋದವು.

"ಅಶ್ವತ್ಥಾ, ಕೂಸಿನ ಸದ್ದೇ ಇಲ್ವಲ್ಲೇ?"

"ಮಲಗೈತೆ ಕಣತ್ತೆ," ಎಂದಳು.

ನರಸಮ್ಮ ಒರಗಿದ್ದ ಎದುರಿನ ಕಂಬದ ಬುಡ ಈಗ ಖಾಲಿಯಿತ್ತು. ಕೂಸು ನಿದ್ದೆಯಲ್ಲೇ ಅವಳ ಬಲಗೈಯ ಕಿರುಬೆರಳನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಕೊಕ್ಕೆ ಕಡ್ಡಿ ಕೊನೆಯ ಚಿಪ್ಪಿನತ್ತ ನಿಧಾನವಾಗಿ ಹೆಣೆಯುತ್ತ ಸಾಗುತ್ತಿತ್ತು, ಎಡಗೈಯಲ್ಲಿ.