ಒಂದು ಮೊಳ ಹೆಚ್ಚಿನ ಬಟ್ಟೆ

ಬಿಲ್ವಪತ್ರೆ ತೊಳೆದು ತಟ್ಟೆಗೆ ಹಾಕುತ್ತಿದ್ದೆ. ಭದ್ರಾವತಿಯಿಂದ ಫೋನ್ ಬಂತು. ನಾದಿನಿಯ ಮಗಳು ತನುಜಾ.

“ದೊಡ್ಡಪ್ಪ, ದೊಡ್ಡಮ್ಮ ಎದೆ ಉರಿ ಅಂತ ಗೋಡೆಗೆ ಒರಗಿ ಕೂತ್ರು. ಈಗ ಕರೆದ್ರೆ ಮಾತಾಡ್ತಿಲ್ಲ.”

ನಾನು ವಿನೋಬನಗರದ ನಮ್ಮ ಮನೆಯಿಂದ ಭದ್ರಾವತಿಯ ಓಲ್ಡ್ ಟೌನ್ ಮುಟ್ಟುವಷ್ಟರಲ್ಲಿ ಡಾಕ್ಟರು ಬಂದು ಹೋಗಿದ್ದರು. ನನ್ನ ಹೆಂಡತಿ ದಾಕ್ಷಾಯಣಿ ಲಿಂಗೈಕ್ಯಳಾಗಿದ್ದಳು.

ಅವಳು ಅಲ್ಲಿಗೆ ಹೋಗಿದ್ದು ತಂಗಿ ಸುವರ್ಣಮ್ಮನ ಪಡಸಾಲೆಯನ್ನು ಚಂದ ಮಾಡಿಕೊಡಲು. ತನುಜಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಳೆಯ ಮನೆ, ತಗ್ಗು ಛಾವಣಿ, ಅಂಗೈಯಗಲದ ಕಿಟಕಿ. ನಮ್ಮ ಬಳಗದಲ್ಲಿ ಯಾರ ಮನೆಗೆ ಇಂಥ ಕೊರತೆ ಇದ್ದರೂ ಇವಳಿಗೇ ಕರೆ ಬರುತ್ತಿತ್ತು. ಕತ್ತಲೆಯ ಓಣಿಯಂಥ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಕನ್ನಡಿ ತೂಗುಹಾಕುವಳು, ಬೆಳಕು ಎರಡಾಗುವುದು. ಒಡೆದ ನೆಲಹಾಸಿನ ಮೇಲೆ ಚಾಪೆಯನ್ನು ಬೇಕೆಂದೇ ಓರೆಯಾಗಿ ಹಾಸುವಳು. ಪರದೆಯ ಸರಳನ್ನು ಕಿಟಕಿಯ ತಲೆಗಲ್ಲ, ಛಾವಣಿಯ ಕೆಳಗೇ ಹೊಡೆಸಿ, ಬಟ್ಟೆಯನ್ನು ನೆಲದವರೆಗೆ ಇಳಿಬಿಡುವಳು. ತಗ್ಗು ಮನೆ ಎತ್ತರವಾದಂತೆ ಕಾಣುವುದು. ಒಂದಕ್ಕೆ ಮಾತ್ರ ಒಪ್ಪುತ್ತಿರಲಿಲ್ಲ.

“ಬಿರುಕಿಗೆ ಕ್ಯಾಲೆಂಡರ್ ಹಾಕ್ಬಹುದು ರೀ. ನೀರು ಜಿನುಗೋ ಗೋಡೆಗೆ ಏನೂ ಹಾಕ್ಬಾರ್ದು. ಮೊದ್ಲು ಪೈಪ್ ರಿಪೇರಿ ಆಗ್ಲಿ,” ಎನ್ನುವಳು.

ಎದೆ ಉರಿಯನ್ನು ಅವಳು ನನಗೂ ಹೇಳಿದ್ದಳು. ಅಜೀರ್ಣ ಎಂದಳು. ಜೀರಿಗೆ ನೀರು ಕುಡಿ ಎಂದೆ. ಅಷ್ಟಕ್ಕೇ ಬಿಟ್ಟೆ.

ಮಣ್ಣು ಮಾಡಿ ಆರನೆಯ ದಿನ ಸುವರ್ಣಮ್ಮ ನಮ್ಮ ಮನೆಗೆ ದಾಕ್ಷಾಯಣಿಯ ಚೀಲ ತಂದುಕೊಟ್ಟಳು. ಒಳಗೆ ಎರಡು ಹಸಿರು ಪರದೆ, ಸರಳಿನ ಕೊಂಡಿಗಳು, ಒಂದು ಕನ್ನಡಿ. ಯಾವುದನ್ನೂ ಹೊರಗೆ ತೆಗೆದಿರಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮೊದಲು ಈ ಕೆಲಸ ಮುಗಿಯಬೇಕೆಂದು ನನಗೆ ಅನಿಸಿತು. ಅವಳು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಇದೊಂದು ಬಾಕಿ ಉಳಿದರೆ ಅವಳ ಜೀವ ಅಲ್ಲೇ ಸುಳಿದಾಡುತ್ತದೇನೋ ಎಂಬ ಅಂಜಿಕೆ.

“ಸೂತಕದಲ್ಲಿ ಮನೆ ಸಿಂಗಾರ ಮಾಡ್ತಾರಾ ಭಾವ? ಓಣಿಯವ್ರು ಏನಂತಾರೆ?” ಎಂದಳು ಸುವರ್ಣಮ್ಮ.

“ಕೊರಳಲ್ಲಿ ಲಿಂಗ ಇರೋರಿಗೆ ಯಾವ ಸೂತಕ ಸುವರ್ಣಾ? ನಿಮ್ಮಪ್ಪ ಕಲಿಸ್ಲಿಲ್ವಾ?”

“ಕಲಿಸಿದ್ರು. ಓಣಿಯವ್ರಿಗೆ ಕಲಿಸ್ಲಿಲ್ಲವಲ್ಲ,” ಎಂದು ಕಣ್ಣೊರೆಸಿಕೊಂಡಳು. ಬೇಡವೆನ್ನಲಿಲ್ಲ.

ಮರುದಿನ ಪೂಜೆ ಮುಗಿಸಿ, ಚೀಲ ತೆಗೆದುಕೊಂಡು ಭದ್ರಾವತಿಯ ಬಸ್ಸು ಹಿಡಿದೆ. ತನುಜಾ ಪಕ್ಕದ ಮನೆಯಿಂದ ಡ್ರಿಲ್ ಮೆಷಿನ್ ತಂದಿದ್ದಳು. ಅವಳೇ ಸ್ಟೂಲ್ ಹತ್ತಿ ಛಾವಣಿಯ ಕೆಳಗೆ ತೂತು ಕೊರೆದಳು. ನಾನು ಸ್ಟೂಲ್ ಹಿಡಿದುಕೊಂಡೆ. ಸರಳು ಕೂತಿತು. ಪರದೆ ಇಳಿಬಿಟ್ಟೆವು. ಅದು ನೆಲ ಮುಟ್ಟದೆ ಒಂದು ಮೊಳ ಮೇಲೆಯೇ ನಿಂತಿತು.

“ಅಯ್ಯೋ ದೊಡ್ಡಪ್ಪ, ಗದ್ದೆಗೆ ಇಳಿಯೋಕೆ ಪಂಚೆ ಎತ್ತಿ ಕಟ್ಟಿದ ಹಾಗಿದೆ!” ಎಂದು ತನುಜಾ ನಕ್ಕುಬಿಟ್ಟಳು. ಕೂಡಲೇ ಬಾಯಿ ಮುಚ್ಚಿಕೊಂಡಳು.

ನನಗೆ ನಗು ಬರಲಿಲ್ಲ. ತಪ್ಪು ನನ್ನದು. ಹಿಂದಿನ ತಿಂಗಳು ಇದೇ ಮನೆಗೆ ಬರುವಾಗ ಛಾವಣಿಯಿಂದ ನೆಲಕ್ಕೆ ಅಳತೆ ತೆಗೆದುಕೊಂಡು ಬನ್ನಿ ಎಂದು ದಾಕ್ಷಾಯಣಿ ಟೇಪು ಕೊಟ್ಟು ಕಳಿಸಿದ್ದಳು. ಟೇಪು ಜೇಬಿನಲ್ಲೇ ಇತ್ತು. ಗೋಡೆಯನ್ನು ಕಣ್ಣಲ್ಲೇ ನೋಡಿ, ಊರಿಗೆ ಹೋಗಿ “ಏಳಡಿ” ಎಂದಿದ್ದೆ. “ಅಳೆದ್ರಾ?” ಎಂದು ಕೇಳಿದಳು. “ಅಳೆದೇ ಹೇಳ್ತಿರೋದು ಮಾರಾಯ್ತಿ,” ಎಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿ, ಹೊಲಿಗೆ ಯಂತ್ರಕ್ಕೆ ಕುಳಿತಿದ್ದಳು. ಅವಳ ಕೊನೆಯ ಕೆಲಸ ನನ್ನ ಸುಳ್ಳಿನಿಂದ ಕೆಟ್ಟಿತಲ್ಲ ಎಂದು ಚಾಪೆಯ ಮೇಲೆ ಕುಳಿತುಬಿಟ್ಟೆ.

ತನುಜಾ ಪರದೆಯ ಅಂಚು ಹಿಡಿದು ನೋಡುತ್ತಿದ್ದಳು. “ದೊಡ್ಡಪ್ಪ, ಇಲ್ಲಿ ಬಟ್ಟೆ ದಪ್ಪ ಇದೆ.”

ದಾಕ್ಷಾಯಣಿ ಒಳಗೆ ಬಟ್ಟೆಯನ್ನು ಮಡಚಿ, ಕೈಯಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ್ದಳು. ಎಳೆದರೆ ಬಿಚ್ಚಿಕೊಳ್ಳಲೆಂದು ದಾರದ ತುದಿಯನ್ನು ಗಂಟು ಹಾಕದೆ ಬಿಟ್ಟಿದ್ದಳು. ತನುಜಾ ಎಳೆದಳು. ಬಟ್ಟೆ ಸರ್ರನೆ ಇಳಿಯಿತು. ಸರಿಯಾಗಿ ನೆಲ ಮುಟ್ಟಿ ನಿಂತಿತು.

ಬಾಗಿಲಲ್ಲಿ ನಿಂತಿದ್ದ ಸುವರ್ಣಮ್ಮ, “ನೀವು ಅಳೀದೇ ಅಳತೆ ಹೇಳಿದ್ರಿ ಅಂತ ಅಕ್ಕ ಅವತ್ತೇ ಫೋನಲ್ಲಿ ನಗ್ತಿದ್ಲು ಭಾವ. ಒಂದು ಮೊಳ ಜಾಸ್ತಿ ಇಟ್ಟಿದೀನಿ ಅಂದಿದ್ಲು,” ಎಂದಳು.

ನನ್ನ ಸುಳ್ಳು ಅವಳಿಗೆ ಗೊತ್ತಿತ್ತು. ಒಂದು ಮಾತೂ ಆಡದೆ ಅದಕ್ಕೆ ಬೇಕಾದ ಬಟ್ಟೆಯನ್ನು ಒಳಗೆ ಮಡಚಿಟ್ಟಿದ್ದಳು. ಇನ್ನೊಂದು ಪರದೆಯ ದಾರವನ್ನೂ ಎಳೆದು, ಬಾಗಿಲಿಗೆ ಎದುರಾಗಿ ಕನ್ನಡಿ ತೂಗುಹಾಕಿದೆವು. ಪಡಸಾಲೆ ನಿಜಕ್ಕೂ ಎತ್ತರವಾಗಿ ಕಾಣುತ್ತಿತ್ತು. ಅವಳು ಕೊನೆಯ ಬಾರಿ ಒರಗಿದ್ದ ಗೋಡೆಯ ಬಳಿ ಕುಳಿತು ಎದೆಯ ಮೇಲಿನ ಕರಡಿಗೆಯಿಂದ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ.

ಶಿವನೇ, ಅವಳ ಕೆಲಸ ಮುಗಿಯಿತು. ನಿನ್ನ ಮನೆಯಲ್ಲಿ ಮರೆಮಾಡುವಂಥ ಕೊರತೆ ಏನೂ ಇರಲಾರದು. ಅಲ್ಲಿ ಅವಳನ್ನು ಸ್ಟೂಲ್ ಹತ್ತಿಸಬೇಡ. ಸುಮ್ಮನೆ ನಿನ್ನ ಹತ್ತಿರ ಕೂರಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ.